ಬಾಯ್ಲರ್ ಬದಲಿಸುವ ಮೊದಲು ಮನೆಯನ್ನು ನೋಡಿ

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ದಾದಿ ಫಜ್ರ್ ನಮಾಝಿಗೆ ವುಝೂ ಮಾಡಲು ಎದ್ದಾಗ ಹಿಂದಿನ ಅಂಗಳದ ತುಂಬ ಬೂದಿ ಬೆರೆತ ನೀರು ಹರಿದಿತ್ತು. ನಮ್ಮ ತಾಮ್ರದ ಬಾಯ್ಲರ್‌ನ ತಳ ತೂತಾಗಿತ್ತು. ದಾದಾ ಇದ್ದ ಕಾಲದಲ್ಲಿ ತಂದಿದ್ದ ಬಾಯ್ಲರ್ ಅದು. ಅದಕ್ಕೆ ಮೊದಲೇ ಎರಡು ಸಲ ಬೆಸುಗೆ ಹಾಕಿಸಿದ್ದೆವು. ಈ ಸಲ ಬೆಸುಗೆಯವರು ತಳವನ್ನು ಬೆರಳಿನಿಂದ ಒತ್ತಿ ನೋಡಿ, "ತಗಡು ಸವೆದು ಹೋಗಿದೆ, ಇನ್ನು ನಿಲ್ಲುವುದಿಲ್ಲ" ಎಂದರು.

ನಮ್ಮ ಮನೆ ಶಿವಾಜಿನಗರದ ಒಂದು ಗಲ್ಲಿಯಲ್ಲಿದೆ. ಮದ್ರಾಸ್ ತಾರಸಿ, ದಪ್ಪ ಗೋಡೆ, ಮೆಟ್ಟಿಲ ಕೆಳಗೆ ಚಿಕ್ಕ ಬಚ್ಚಲು. ಅದೇ ತಿಂಗಳು ಥಣಿಸಂದ್ರದ ಕಡೆ ಇರುವ ಚಾಚಾ ಅವರ ಫ್ಲಾಟಿನಲ್ಲೂ ಗೀಸರ್ ಸೋರತೊಡಗಿತು. ಎರಡೂ ಮನೆಗಳ ಖರ್ಚಿನ ಲೆಕ್ಕ ಬರೆಯುವ ಕೆಲಸ "ನೀನು ಕಾಮರ್ಸ್ ಅಲ್ಲವಾ" ಎಂದು ನನ್ನ ತಲೆಗೆ ಬಂತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಗ್ಗ ಎಂದುಕೊಂಡ ದಾರಿ

ಅಂಗಡಿಯಲ್ಲಿ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಗ್ಯಾಸ್ ಗೀಸರ್. ಬೆಲೆ 4,800 ರೂಪಾಯಿ. ಕರೆಂಟಿನ 15 ಲೀಟರ್ ಗೀಸರ್‌ಗೆ 7,400 ರೂಪಾಯಿ. ಗ್ಯಾಸಿನದೇ ಸಾಕು, ಬಚ್ಚಲಿನ ಒಳಗಡೆ ಗೋಡೆಗೆ ಹಾಕಿಸಿದರಾಯಿತು ಎಂದು ಅಬ್ಬಾ ನಿರ್ಧರಿಸಿಯೇ ಬಿಟ್ಟಿದ್ದರು. ನಾನೂ ಹೂಂ ಎಂದೆ.

ತಡೆದದ್ದು ಅಮ್ಮಿ. ಎರಡು ವರ್ಷದ ಹಿಂದೆ ನಮ್ಮ ಖಾಲಾ ಅವರ ಮಗಳು ಸ್ನಾನಕ್ಕೆ ಹೋದವಳು ಎಷ್ಟು ಕೂಗಿದರೂ ಉತ್ತರ ಕೊಡಲಿಲ್ಲ. ಬಾಗಿಲು ಒಡೆದು ನೋಡಿದರೆ ನೆಲದ ಮೇಲೆ ಬಿದ್ದಿದ್ದಳು. ಅಲ್ಲೂ ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇತ್ತು, ಚಳಿಯೆಂದು ಕಿಟಕಿ ಮುಚ್ಚಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಎಚ್ಚರವಾಯಿತು. ಅಲ್ಹಮ್ದುಲಿಲ್ಲಾಹ್, ಈಗ ಚೆನ್ನಾಗಿದ್ದಾಳೆ. ಆದರೆ ಅದನ್ನು ಬರೀ "ತಲೆ ಸುತ್ತು" ಎಂದೇ ನಾವೆಲ್ಲ ಮರೆತಿದ್ದೆವು.

ಅದು ತಲೆಸುತ್ತಾಗಿರಲಿಲ್ಲ. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿಯುತ್ತದೆ. ಆಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರ್ ಸೋರಿದರೆ ಗೊತ್ತಾಗಲಿ ಎಂದು ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನ ಮಾಡುವವರಿಗೆ ಸ್ವಲ್ಪ ತಲೆನೋವು, ಸುಸ್ತು, ಆಮೇಲೆ ಪ್ರಜ್ಞೆಯೇ ಇಲ್ಲ. ಹೀಗಾಗಿ ಗ್ಯಾಸ್ ಗೀಸರ್ ಬೇಕೇ ಬೇಕೆಂದರೆ ಅದು ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇರಬೇಕು, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಬೇಕು.

ಇದನ್ನು ಹೇಳಿದಾಗ ದಾದಿ ನಕ್ಕರು. "ಹಳೆಯ ಬಾಯ್ಲರ್‌ನ ಒಲೆಯ ಬಾಯಿ ಎಲ್ಲಿತ್ತು ನೋಡು ಬೇಟಾ" ಎಂದರು. ನೋಡಿದೆ. ಒಲೆಯ ಬಾಯಿ ಅಂಗಳದ ಕಡೆ, ಹೊಗೆ ಕೊಳವೆ ಮೇಲಕ್ಕೆ, ನಲ್ಲಿ ಮಾತ್ರ ಬಚ್ಚಲಿನ ಒಳಗೆ. ಬೆಂಕಿ ಹೊರಗೆ, ನೀರು ಒಳಗೆ. ಮನೆ ಕಟ್ಟಿದವರು ಆಗಲೇ ಯೋಚಿಸಿದ್ದರು. ನಾವು ಆ ಬೆಂಕಿಯನ್ನು ಒಳಗೆ ತರಲು ಹೊರಟಿದ್ದೆವು.

ಇನ್ನು ಗ್ಯಾಸ್ ಅಗ್ಗವೇ ಎಂದು ಲೆಕ್ಕ ಹಾಕಿದೆ. 1 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. ಕರೆಂಟಿನ 1 ಯೂನಿಟ್ ಎಂದರೆ 3,600 ಕಿಲೋಜೂಲ್. 22 ಡಿಗ್ರಿಯ 20 ಲೀಟರ್ ಬಕೆಟ್ ನೀರನ್ನು 40 ಡಿಗ್ರಿಗೆ ತರಲು 0.42 ಯೂನಿಟ್. ಐದು ಜನಕ್ಕೆ ದಿನಕ್ಕೆ 2.1, ತಿಂಗಳಿಗೆ 63 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡರೆ 378 ರೂಪಾಯಿ. ಟ್ಯಾಂಕಿನಲ್ಲಿ ಆರುವ ನೀರಿನ ನಷ್ಟ ಬೇರೆ. ಅಷ್ಟೇ ನೀರಿಗೆ ಗ್ಯಾಸಿನ ಶಾಖದಲ್ಲಿ ನೂರಕ್ಕೆ 80 ಪಾಲು ನೀರಿಗೆ ಸೇರಿತು ಎಂದುಕೊಂಡರೆ ತಿಂಗಳಿಗೆ 6 ಕಿಲೋಗಿಂತ ಸ್ವಲ್ಪ ಹೆಚ್ಚು ಬೇಕು. 14.2 ಕಿಲೋ ಸಿಲಿಂಡರ್‌ಗೆ 900 ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 390 ರೂಪಾಯಿ. ಅಂದರೆ ಹೆಚ್ಚು ಕಡಿಮೆ ಒಂದೇ. ಅಗ್ಗವಾಗಿದ್ದದ್ದು ಅಂಗಡಿಯ ಬೆಲೆ ಮಾತ್ರ.

ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ವಿಷಯ ಗಮನಿಸಬೇಕು. ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್‌ಗಳ ಮಿತಿ ಇದೆ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮದು 110 ಯೂನಿಟ್ ಆಸುಪಾಸು ಇತ್ತು. ಗೀಸರ್ ಸೇರಿದರೂ 200 ದಾಟುವುದಿಲ್ಲ, ಆದರೆ ಸೊನ್ನೆ ಬಿಲ್ ಇನ್ನು ಬರುವುದಿಲ್ಲ ಎಂದು ಅಬ್ಬಾಗೆ ಮೊದಲೇ ಹೇಳಿದೆ.

ಹಳೆಯ ಮನೆಯಲ್ಲಿ

ಕರೆಂಟಿನ ಗೀಸರ್ ಎಂದು ಒಪ್ಪಿದ ಮೇಲೆ ಎಲೆಕ್ಟ್ರಿಷಿಯನ್ ಭಾಯ್ ಬಂದರು. ಗೀಸರ್ ಡಬ್ಬವನ್ನು ಅವರು ಬಿಚ್ಚಲೇ ಇಲ್ಲ. ಮೊದಲು ಮೀಟರ್ ಬೋರ್ಡ್ ನೋಡಿದರು. 2,000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಬಚ್ಚಲಿನ ಹತ್ತಿರ ಇದ್ದದ್ದು 6 ಆಂಪಿಯರ್ ಪ್ಲಗ್, ತೆಳುವಾದ ಹಳೆಯ ವೈರ್, ಅರ್ಥಿಂಗ್ ಇಲ್ಲವೇ ಇಲ್ಲ. ಮೀಟರಿನಿಂದಲೇ ಬೇರೆ ದಪ್ಪ ವೈರ್, 16 ಆಂಪಿಯರ್ ಪ್ಲಗ್, ಎಂಸಿಬಿ, ಹೊಸ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಬೇಕೆಂದರು. ನೀರಿಗೆ ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುವುದು ಈ ಆರ್‌ಸಿಸಿಬಿ. ಮನೆಗೆ ಮಂಜೂರಾದ ಲೋಡ್ ಸಾಕೇ ಎಂದೂ ಬಿಲ್‌ನಲ್ಲಿ ನೋಡಿಸಿದರು. ಲೋಡ್ ಹೆಚ್ಚಿಸಿದರೆ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ.

ಆಮೇಲೆ ಗೋಡೆ. ನೀರು ತುಂಬಿದ 15 ಲೀಟರ್ ಗೀಸರ್ 20 ಕಿಲೋಗಿಂತ ಹೆಚ್ಚು ತೂಗುತ್ತದೆ. ಹಳೆಯ ಗಾರೆ ಗೋಡೆಯಲ್ಲಿ ಸಾಮಾನ್ಯ ಬೋಲ್ಟ್ ಹಿಡಿಯದೆ ಪುಡಿ ಉದುರಿತು. ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಬಿಗಿಸಿದರು. ಸೋಲಾರ್ ಹಾಕಿಸಬಹುದಿತ್ತಲ್ಲ ಎಂದು ಕೆಲವರು ಕೇಳಿದರು. 100 ಲೀಟರ್ ಸೋಲಾರ್ ಟ್ಯಾಂಕಿನಲ್ಲಿ ನೀರೇ 100 ಕಿಲೋ. ಮರದ ತೊಲೆಗಳ ಮೇಲೆ ನಿಂತ ನಮ್ಮ ತಾರಸಿಗೆ ಆ ಭಾರ ಬೇಡವೆಂದು ಬಿಟ್ಟೆವು.

ಹೊಸ ಫ್ಲಾಟಿನಲ್ಲಿ

ಚಾಚಾ ಅವರ ಮನೆಯಲ್ಲಿ ಈ ಯಾವ ತೊಂದರೆಯೂ ಇರಲಿಲ್ಲ. ಪ್ಲಗ್, ಅರ್ಥಿಂಗ್, ಆರ್‌ಸಿಸಿಬಿ ಎಲ್ಲ ಮೊದಲೇ ಇತ್ತು. ಅಲ್ಲಿನ ತೊಂದರೆ ನೀರಿನದು. ಅವರದು 14 ಅಂತಸ್ತಿನ ಕಟ್ಟಡದ ಎರಡನೇ ಮಹಡಿ. ಟ್ಯಾಂಕ್ ಸುಮಾರು 36 ಮೀಟರ್ ಮೇಲಿದೆ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ ಎಂಬ ಲೆಕ್ಕದಲ್ಲಿ ಮೂರೂವರೆ ಬಾರ್‌ಗೂ ಹೆಚ್ಚು. ನಮ್ಮ ಮನೆಯ ಟ್ಯಾಂಕ್ ಮೂರು ಮೀಟರ್ ಮೇಲಿದೆ, ಅರ್ಧ ಬಾರ್ ಕೂಡ ಬರುವುದಿಲ್ಲ. ಎತ್ತರದ ಕಟ್ಟಡಕ್ಕೆ ಗೀಸರ್ ಕೊಳ್ಳುವಾಗ ಡಬ್ಬದ ಮೇಲೆ ಎಷ್ಟು ಬಾರ್ ಎಂದು ಬರೆದಿರುವುದನ್ನು ಓದಬೇಕು. ಚಾಚಾ 8 ಬಾರ್‌ನದು ತಂದರು.

ಹಳೆಯ ಗೀಸರ್ ಬಿಚ್ಚಿದಾಗ ಇನ್ನೆರಡು ವಿಷಯ ತಿಳಿಯಿತು. ಬೋರ್‌ವೆಲ್‌ನ ಗಡಸು ನೀರಿನಿಂದ ಕಾಯಿಲ್ ಮೇಲೆ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಆನೋಡ್ ರಾಡ್ ಪೂರ್ತಿ ಕರಗಿ ಹೋಗಿತ್ತು, ಅದನ್ನು ಬದಲಿಸಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು ಭಯ ಹುಟ್ಟಿಸಿತು. ಸೇಫ್ಟಿ ವಾಲ್ವ್‌ನಿಂದ ನೀರು ಹನಿಯುತ್ತದೆ ಎಂದು ಹಿಂದೆ ಯಾರೋ ಅದರ ಬಾಯಿಗೆ ಬಿರಡೆ ಹಾಕಿದ್ದರು. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿದರೆ ಒತ್ತಡ ಹೊರಹೋಗುವ ದಾರಿಯೇ ಅದು. ಅದನ್ನು ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು.

ಲೆಕ್ಕ

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವು ಓದಿದ್ದೇವೆ: ಯಂತ್ರದ ವೆಚ್ಚವೆಂದರೆ ಕೊಂಡ ಬೆಲೆ ಮಾತ್ರವಲ್ಲ, ಅದನ್ನು ತಂದು ನಿಲ್ಲಿಸಿ ಕೆಲಸಕ್ಕೆ ಸಿದ್ಧಗೊಳಿಸುವ ಖರ್ಚೂ ಸೇರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಮಾತು ನಮ್ಮ ಬಚ್ಚಲಿನಲ್ಲಿ ಅರ್ಥವಾಯಿತು. ನಮ್ಮ ಮನೆಯಲ್ಲಿ ಗೀಸರ್ 7,400, ವೈರಿಂಗ್ ಮತ್ತು ಅರ್ಥಿಂಗ್ 6,900, ಪೈಪ್ ಹಾಗೂ ಗೋಡೆ ಕೆಲಸ 2,300. ಒಟ್ಟು 16,600 ರೂಪಾಯಿ. ಚಾಚಾ ಮನೆಯಲ್ಲಿ 25 ಲೀಟರ್ ಗೀಸರ್ 11,200, ಪೈಪ್ ಮತ್ತು ವಾಲ್ವ್ 900. ಒಟ್ಟು 12,100. ಅವರ ಗೀಸರ್ ದುಬಾರಿ, ನಮ್ಮ ಕೆಲಸ ದುಬಾರಿ. ಹಳೆಯ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಗೀಸರ್‌ನ ಹೊರಗೆ ಹೋಯಿತು.

ಆದ್ದರಿಂದ ನಿಮ್ಮ ಮನೆಯಲ್ಲಿ ಬಾಯ್ಲರ್ ಅಥವಾ ಗೀಸರ್ ಕೆಟ್ಟರೆ ಅಂಗಡಿಗೆ ಹೋಗುವ ಮೊದಲು ವೈರ್ ಮತ್ತು ಅರ್ಥಿಂಗ್, ನೀರಿನ ಒತ್ತಡ, ಗೋಡೆ, ಗಾಳಿ ಬರುವ ಕಿಟಕಿ ಇವನ್ನು ನೋಡಿ. ಗೀಸರ್ ಆರಿಸುವಾಗ ಸ್ಟಾರ್ ಲೇಬಲ್ ನೋಡಿ, ಬಿಸಿನೀರು ಟ್ಯಾಂಕಿನಲ್ಲೇ ಆರುವ ನಷ್ಟ ಎಷ್ಟು ಕಡಿಮೆ ಎಂಬುದನ್ನು ಅದು ಹೇಳುತ್ತದೆ. ವರ್ಷಕ್ಕೊಮ್ಮೆ ಆನೋಡ್ ರಾಡ್ ಪರೀಕ್ಷಿಸಿ. ಸೇಫ್ಟಿ ವಾಲ್ವ್ ಮುಚ್ಚಬೇಡಿ. ಗ್ಯಾಸ್ ಗೀಸರ್ ಈಗಾಗಲೇ ನಿಮ್ಮ ಬಚ್ಚಲಿನ ಒಳಗಿದ್ದರೆ ಇವತ್ತೇ ಮನೆಯಲ್ಲಿ ಹೇಳಿ, ಹೊರಗೆ ಹಾಕಿಸಿ. ಅಲ್ಲಿಯವರೆಗೆ ಅದನ್ನು ಹಚ್ಚಬೇಡಿ.

ಗುಜರಿಯವರು ತಾಮ್ರದ ಬಾಯ್ಲರ್‌ಗೆ ಒಳ್ಳೆಯ ಬೆಲೆ ಹೇಳಿದರು. ಲೆಕ್ಕದ ಪುಸ್ತಕದಲ್ಲಿ ಅದನ್ನು ಜಮಾ ಮಾಡಲು ನಾನು ಸಿದ್ಧವಾಗಿದ್ದೆ. ದಾದಿ ಕೊಡಲಿಲ್ಲ. ಅದೀಗ ಅಂಗಳದಲ್ಲೇ ನಿಂತಿದೆ. ಫಜ್ರ್‌ಗೆ 20 ನಿಮಿಷ ಮೊದಲು ದಾದಿ ಗೀಸರ್ ಸ್ವಿಚ್ ಹಾಕುತ್ತಾರೆ, ವುಝೂಗೆ ಮೊದಲು ಮರೆಯದೆ ಆರಿಸುತ್ತಾರೆ.