ಫರ್ಮಾನ ಆರನೆಯ ಸಂಖ್ಯೆ

೪೨೯,೪೯,೬೭,೨೯೭. ನಾನೂರ ಇಪ್ಪತ್ತೊಂಬತ್ತು ಕೋಟಿಯನ್ನು ಮೀರಿದ ಈ ಸಂಖ್ಯೆಯನ್ನು ಕಂಡೊಡನೆ ನಮ್ಮಂತಹ ಕಲಾವಿಭಾಗದವರು ಪುಟ ತಿರುವಿಬಿಡುವುದೇ ಹೆಚ್ಚು. ಆದರೆ ಮಹಾಮೇಧಾವಿಯೊಬ್ಬನ ನಂಬಿಕೆಯನ್ನು ಸುಳ್ಳಾಗಿಸಿದ ಸಂಖ್ಯೆಯಿದು.

ಎರಡನ್ನು ತೆಗೆದುಕೊಂಡು ವರ್ಗ ಮಾಡುತ್ತ ಹೋದರೆ ೨, ೪, ೧೬, ೨೫೬, ೬೫೫೩೬ ಬರುತ್ತವೆ. ಒಂದೊಂದಕ್ಕೂ ಒಂದು ಕೂಡಿಸಿದರೆ ೩, ೫, ೧೭, ೨೫೭, ೬೫೫೩೭. ಈ ಐದೂ ಅವಿಭಾಜ್ಯ ಸಂಖ್ಯೆಗಳು. ಎಂದರೆ ಒಂದು ಮತ್ತು ತಾನು ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಮುಂದಿನವೂ ಹೀಗೆಯೇ ಇರುವುವೆಂದು ಫ್ರಾನ್ಸಿನ ಪಿಯರ್ ಫರ್ಮಾ ೧೬೪೦ರ ಸುಮಾರಿಗೆ ನಂಬಿದನು. ತನ್ನ ಬಳಿ ಸಾಧನೆ ಇಲ್ಲವೆಂಬುದನ್ನು ಅವನು ಮುಚ್ಚಿಡಲಿಲ್ಲ. ಆರನೆಯದೇ ನಮ್ಮ ಸಂಖ್ಯೆ: ೨ರ ೩೨ನೆಯ ಘಾತಕ್ಕೆ ಒಂದು ಕೂಡಿಸಿದ್ದು.

೧೭೩೨ರಲ್ಲಿ, ಇಪ್ಪತ್ತೈದರ ತರುಣ ಆಯ್ಲರ್, ಇದು ೬೪೧ರಿಂದ ಭಾಗವಾಗುತ್ತದೆಂದು ತೋರಿಸಿದನು. ಭಾಗಲಬ್ಧ ೬೭,೦೦,೪೧೭. ಸಂಶಯವುಳ್ಳವರು ಪೆನ್ಸಿಲು ಹಿಡಿದು ಗುಣಿಸಿ ನೋಡಬಹುದು. ೬೪೧ ಎಂಬುದು ೧೧೬ನೆಯ ಅವಿಭಾಜ್ಯ ಸಂಖ್ಯೆ. ಕುರುಡಾಗಿ ಹುಡುಕಿದರೆ ಅಷ್ಟು ಭಾಗಾಕಾರ ಮಾಡಬೇಕು. ಆದರೆ ಇದರ ಯಾವ ಅಪವರ್ತನವಾದರೂ ೬೪ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕೆಂಬುದನ್ನೂ ಆಯ್ಲರನೇ ಮುಂದೆ ಸಾಧಿಸಿದನು. ಈ ನಿಯಮ ತಿಳಿದವನಿಗೆ ೧೯೩, ೨೫೭, ೪೪೯, ೫೭೭, ೬೪೧ ಎಂದು ಐದೇ ಪ್ರಯತ್ನ ಸಾಕು!

ಭಾಗಾಕಾರವೇ ಇಲ್ಲದ ದಾರಿಯೂ ಉಂಟು. ೬೪೦ನ್ನು ೬೪೧ರಿಂದ ಭಾಗಿಸುವಾಗ ಶೇಷವನ್ನು ಋಣ ಒಂದು ಎನ್ನಬಹುದು. ಆದ್ದರಿಂದ ೬೪೦ರ ನಾಲ್ಕನೆಯ ಘಾತದ ಶೇಷ ಧನ ಒಂದು. ೬೪೦ ಎಂದರೆ ೫ × ೧೨೮. ಆ ಘಾತವು ೬೨೫ನ್ನು ೨ರ ೨೮ನೆಯ ಘಾತದಿಂದ ಗುಣಿಸಿದ್ದು. ೬೨೫ಕ್ಕೆ ೧೬ ಸೇರಿದರೆ ೬೪೧ ಆಗುವುದರಿಂದ ೬೨೫ರ ಸ್ಥಾನದಲ್ಲಿ ಋಣ ೧೬ನ್ನು, ಎಂದರೆ ಋಣ ೨ರ ೪ನೆಯ ಘಾತವನ್ನು, ಇಡಬಹುದು. ಆಗ ಋಣ ೨ರ ೩೨ನೆಯ ಘಾತದ ಶೇಷ ಒಂದು. ೨ರ ೩೨ನೆಯ ಘಾತಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ.

ಇದರ ಕುಲಗೋತ್ರವನ್ನೂ ಹೇಳಬೇಕಲ್ಲವೆ? ಎರಡೇ ಅವಿಭಾಜ್ಯಗಳ ಗುಣಲಬ್ಧವಾದ ಸಂಯುಕ್ತ ಸಂಖ್ಯೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ೬೭,೦೧,೦೫೯ ಮಾತ್ರವಾದುದರಿಂದ ನ್ಯೂನ ಸಂಖ್ಯೆ. ೬೫೫೩೬ ಮತ್ತು ೧ರ ವರ್ಗಗಳ ಮೊತ್ತವಾಗಿರುವ ಇದು ೬೨೨೬೪ ಮತ್ತು ೨೦೪೪೯ರ ವರ್ಗಗಳ ಮೊತ್ತವೂ ಹೌದು. ಅವಿಭಾಜ್ಯ ಸಂಖ್ಯೆಗೆ ಇಂತಹ ಎರಡು ರೂಪ ಸಾಧ್ಯವಿಲ್ಲ. ಇದೊಂದೇ ಸಾಕ್ಷ್ಯ ಸಾಕಿತ್ತು.

ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದುದು ಬೇರೆ. ಎರಡಕ್ಕಿಂತ ದೊಡ್ಡ ಯಾವ ಅವಿಭಾಜ್ಯ ಸಂಖ್ಯೆಯನ್ನಾದರೂ ಹಿಡಿದು, ಅದಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಎರಡನ್ನು ಏರಿಸಿ, ಅದರಿಂದಲೇ ಭಾಗಿಸಿದರೆ ಶೇಷ ಒಂದು ಎಂಬುದು ಫರ್ಮಾನ ಪ್ರಸಿದ್ಧ ನಿಯಮ. ನಮ್ಮ ಸಂಖ್ಯೆ ಅವಿಭಾಜ್ಯವಲ್ಲದಿದ್ದರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ! ಇಂತಹವನ್ನು ಹುಸಿ ಅವಿಭಾಜ್ಯಗಳೆನ್ನಬಹುದು. ಫರ್ಮಾ ತನ್ನ ಒರೆಗಲ್ಲಿಗೇ ಇದನ್ನು ಉಜ್ಜಿದ್ದರೂ ಚಿನ್ನವೆಂದೇ ಕಾಣುತ್ತಿತ್ತು.

ಆರನೆಯದರಿಂದ ಮೂವತ್ತಮೂರನೆಯದರವರೆಗೆ ಈ ಸಾಲಿನ ಎಲ್ಲವೂ ಸಂಯುಕ್ತವೆಂದು ಈಗ ಗೊತ್ತಾಗಿದೆ. ಮೂವತ್ತನಾಲ್ಕನೆಯದು ಇನ್ನೂ ತೀರ್ಮಾನವಾಗಿಲ್ಲ.