ಎಂಟನೇ ಕ್ಲಾಸಿಗೆ ಯಾವ ಸ್ಕೂಲು?

ಆಟಿಸಂ ಇರುವ ಮಕ್ಕಳ ತಾಯಂದಿರು ಇಬ್ಬರು ಸೇರಿದರೆ ಮೊದಲು ಬರುವುದು ಥೆರಪಿಯ ಮಾತು. ಮಗುವಿಗೆ ಹನ್ನೆರಡು ತುಂಬುತ್ತಿದ್ದಂತೆ ಅದು ಬದಲಾಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಾಯುತ್ತಾ ಕೂತಾಗ ಪಕ್ಕದವರು ಕೇಳುವುದು ಒಂದೇ: "ಹೈಸ್ಕೂಲಿಗೆ ಎಲ್ಲಿ ಹಾಕ್ತೀರ?"

ನನ್ನ ಮಗ ಓದಿದ್ದು ಏಳನೇ ತರಗತಿವರೆಗೆ ಮಾತ್ರ ಇರುವ ಚಿಕ್ಕ ಶಾಲೆ. ಅಲ್ಲಿ ಆಯಾಯಿಂದ ಹಿಡಿದು ಎಲ್ಲರಿಗೂ ಅವನು ಗೊತ್ತು. ಸದ್ದಾದರೆ ಕಿವಿ ಮುಚ್ಚಿಕೊಳ್ತಾನೆ, ಬಸ್ ನಂಬರು ಹೇಳಿದರೆ ಸ್ಟಾಪುಗಳನ್ನೆಲ್ಲ ಒಪ್ಪಿಸ್ತಾನೆ. ಹೈಸ್ಕೂಲು ಬೇರೆಯದೇ ಲೋಕ. ಮುಕ್ಕಾಲು ಗಂಟೆಗೊಬ್ಬ ಹೊಸ ಮೇಷ್ಟ್ರು, ಬೋರ್ಡು ನೋಡಿ ಬರೆಯುವ ಪುಟಗಟ್ಟಲೆ ನೋಟ್ಸು, ಮುಂದೆ ಎಸ್ಸೆಸ್ಸೆಲ್ಸಿ. ಇದರ ಜೊತೆಗೆ ಮೀಸೆ ಚಿಗುರುವ ವಯಸ್ಸಿನ ಹುಡುಗರ ಗೇಲಿ. ನನಗೆ ನಿದ್ದೆ ಕೆಡಿಸಿದ್ದು ಪಾಠಕ್ಕಿಂತ ಈ ಕೊನೆಯದು. ಯಾರಾದರೂ ಕಾಡಿದರೆ ಮನೆಗೆ ಬಂದು ಹೇಳುವ ಮಾತು ಅವನಲ್ಲಿ ಇಲ್ಲ.

ಕಾನೂನು ನಮ್ಮ ಕಡೆಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅದೂ ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ನಮ್ಮದೇ. ಹಾಗಾಗಿ ಯು.ಡಿ.ಐ.ಡಿ. ಕಾರ್ಡು ಇನ್ನೂ ಮಾಡಿಸಿಲ್ಲದವರು ಸ್ಕೂಲು ಹುಡುಕುವ ಮೊದಲು ಅದನ್ನು ಮಾಡಿಸಿ.

ಆದರೆ ಯಾವ ಶಾಲೆಯೂ ನೇರವಾಗಿ "ಸೀಟು ಕೊಡಲ್ಲ" ಅನ್ನುವುದಿಲ್ಲ ನೋಡಿ. "ಮೇಡಂ, ನಿಮ್ಮ ಮಗೂಗೇ ಕಷ್ಟ ಆಗುತ್ತೆ" ಅಂತಾರೆ. ಎಷ್ಟು ಕಾಳಜಿ! ರಿಂಗ್ ರೋಡಿನ ಆಚೆಗಿನ ಒಂದು ದೊಡ್ಡ ಶಾಲೆಯಲ್ಲಿ ಶ್ಯಾಡೋ ಟೀಚರನ್ನು ನಾವೇ ಇಟ್ಟು ಸಂಬಳವನ್ನೂ ನಾವೇ ಕೊಡಬೇಕು ಅಂದರು. ಆ ಸಂಬಳ ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ.

ನಾನು ಶಾಲೆಗಳಿಗೆ ಹೋಗುತ್ತಿದ್ದುದು ಊಟದ ಬೆಲ್ಲಿನ ಹೊತ್ತಿಗೆ. ಆಗ ಮೇಷ್ಟ್ರುಗಳು ಎಲ್ಲಿರುತ್ತಾರೆ, ಒಂಟಿಯಾಗಿ ಕೂತ ಮಗುವನ್ನು ಯಾರಾದರೂ ಮಾತಾಡಿಸುತ್ತಾರಾ, ಟಾಯ್ಲೆಟ್ಟಿನ ಚಿಲಕ ಒಳಗಿನಿಂದ ಬೀಳುತ್ತದಾ, ಇಷ್ಟು ನೋಡಿದರೆ ಬ್ರೋಷರ್ ಓದುವ ಅಗತ್ಯವೇ ಬೀಳಲ್ಲ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆ: "ಪಾಠದ ಮಧ್ಯೆ ಎದ್ದು ಹೊರಗೆ ಹೋದರೆ ಏನು ಮಾಡ್ತೀರಿ?" ಒಬ್ಬ ಪ್ರಿನ್ಸಿಪಾಲರು ನಕ್ಕು, "ಒಂದು ವಾರದಲ್ಲಿ ಸರಿ ಮಾಡ್ತೀವಿ ಬಿಡಿ" ಅಂದರು. ಕಾಫಿ ಮುಗಿಸದೆ ಎದ್ದು ಬಂದೆ. ಮನೆಯಿಂದ ನಡೆದು ಹೋಗುವಷ್ಟು ದೂರದ ಹಳೇ ಅನುದಾನಿತ ಶಾಲೆಯ ಹೆಡ್‌ಮಾಸ್ಟರು ಸ್ವಲ್ಪ ಯೋಚಿಸಿ, "ಎಲ್ಲಿಗೆ ಹೋಗ್ತಾನೆ ಅಂತ ಮೊದಲು ನೋಡಬೇಕಲ್ಲಮ್ಮಾ" ಅಂದರು.

ನಮ್ಮ ಅತ್ತೆಯವರದು, "ಮನೇಲೇ ಇಟ್ಕೊಂಡು ಓದಿಸೇ, ಬೇರೆಯವರ ಹತ್ರ ಯಾಕೆ ಅನ್ನಿಸಿಕೊಳ್ಳಬೇಕು" ಅನ್ನುವ ವಾದ. ಅದಕ್ಕೂ ದಾರಿಯಿದೆ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಓ.ಎಸ್.ನಲ್ಲಿ 14 ತುಂಬಿದ ಮಗು ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಸಾಕು, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಿದರೂ ಆದೀತು. ಕ್ಲಾಸಿನ ಗಲಾಟೆ ತಡೆಯಲಾರದ ಮಕ್ಕಳಿಗೆ ಇದು ದೊಡ್ಡ ವರ. ನಮ್ಮವನು ಹಾಗಲ್ಲ. ಮಾತಾಡದಿದ್ದರೂ ಅವನಿಗೆ ಸುತ್ತ ಮಕ್ಕಳಿರಬೇಕು. ರಜೆಯ ಎರಡನೇ ವಾರಕ್ಕೇ ಬ್ಯಾಗು ಹಾಕ್ಕೊಂಡು ಬಾಗಿಲ ಹತ್ತಿರ ನಿಂತುಬಿಡ್ತಾನೆ. ಅಷ್ಟು ಕಂಡಮೇಲೆ ಅತ್ತೆಯವರೂ ಸುಮ್ಮನಾದರು.

ಇನ್ನೊಂದು ಮಾತು. ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಗಂಟೆಗೆ ಕಡಿಮೆಯೆಂದರೆ 20 ನಿಮಿಷ ಹೆಚ್ಚುವರಿ ಸಮಯ, ಇಂಥ ಅನುಕೂಲಗಳಿವೆ. ಆದರೆ ಅರ್ಜಿಯೆಲ್ಲ ಶಾಲೆಯ ಮೂಲಕವೇ ಹೋಗಬೇಕು. ಕಾಗದ ಬರೆಯಲು ಬೇಸರಪಡದ ಹೆಡ್‌ಮಾಸ್ಟರು ಸ್ಮಾರ್ಟ್ ಕ್ಲಾಸಿಗಿಂತ ಮುಖ್ಯ ಅನ್ನೋದು ನನ್ನ ಲೆಕ್ಕ.

ಅನುದಾನಿತ ಶಾಲೆಗೆ ಮಗನನ್ನೂ ಎರಡು ಸಲ ಕರೆದುಕೊಂಡು ಹೋದೆವು. ಅಲ್ಲಿ ಬೆಲ್ ಅಂದರೆ ನೇತುಹಾಕಿದ ಕಬ್ಬಿಣದ ತುಂಡು. ಸದ್ದು ಜೋರು. ಮೊದಲ ದಿನ ಕಿವಿ ಮುಚ್ಚಿ ಕೂತೇಬಿಟ್ಟ. ಎರಡನೇ ಸಲ ಅಲ್ಲಿನ ಅಟೆಂಡರು ಗೋಡೆ ಗಡಿಯಾರ ತೋರಿಸಿ, "ಮುಳ್ಳು ಇಲ್ಲಿಗೆ ಬಂದಾಗ ಹೊಡೀತೀನಿ ಮರಿ" ಅಂದರು. ಮಗ ಗಡಿಯಾರವನ್ನೇ ನೋಡುತ್ತಾ ನಿಂತ. ಹೊಡೆದಾಗ ಕಣ್ಣು ಮಿಟುಕಿಸಿದ, ಅಷ್ಟೆ. ಯಾವಾಗ ಬರುತ್ತೆ ಅಂತ ಗೊತ್ತಿರದ ಸದ್ದೇ ಅವನಿಗೆ ಹಿಂಸೆ.

ಆ ಶಾಲೆಗೇ ಟಿ.ಸಿ. ಕೊಟ್ಟಾಯಿತು. ಸ್ಪೆಷಲ್ ಎಜುಕೇಟರ್ ಅಲ್ಲಿಲ್ಲ. ಬಿ.ಆರ್.ಸಿ.ಯಲ್ಲಿ ಸಂಪನ್ಮೂಲ ಶಿಕ್ಷಕರನ್ನು ಕೇಳಿಕೊಂಡು ಬಂದಿದ್ದೇನೆ, ಇನ್ನೊಂದು ಸಲ ಹೋಗಬೇಕು. ಮೊದಲ ತಿಂಗಳು ಊಟದ ಹೊತ್ತಿಗೆ ನಾನು ಗೇಟಿನ ಹತ್ತಿರ ಇರಬಹುದು ಅಂತ ಹೆಡ್‌ಮಾಸ್ಟರು ಒಪ್ಪಿದ್ದಾರೆ. ಸದ್ಯಕ್ಕೆ ಹೊಸ ಯೂನಿಫಾರಂ ಷರಟನ್ನು ಒಗೆದು ಒಗೆದು ಮೆತ್ತಗೆ ಮಾಡ್ತಿದ್ದೇನೆ. ಕಾಲರಿನ ಲೇಬಲ್ಲು ನಿನ್ನೆಯೇ ಬಿಚ್ಚಿದೆ.