ಗಾಳಿಗೆಂದು ಮೂರು ದಿನ

ಕಳೆದ ವರ್ಷ ಜೂನ್ ತಿಂಗಳಲ್ಲಿ, ಜರ್ಮನಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಒಂದು ಹಾಳೆಯನ್ನು ನನಗೆ ಕಳುಹಿಸಿದಳು. ಅದರ ನೆತ್ತಿಯ ಮೇಲೆ ‘ಗ್ರೀಸ್: 14 ದ್ವೀಪ, 24 ದಿನ’ ಎಂದು ಬರೆದಿತ್ತು. ಕೆಳಗೆ ದಿನಕ್ಕೊಂದು ಸಾಲಿನಂತೆ ದ್ವೀಪದ ಹೆಸರು, ಹಡಗು ಹೊರಡುವ ಹೊತ್ತು, ಕೋಣೆಯ ಬಾಡಿಗೆ, ಊಟದ ವೆಚ್ಚ. ಎಲ್ಲವೂ ಅಚ್ಚುಕಟ್ಟು. ಒಂದು ವರ್ಷ ಪೂರ್ತಿ ಸಂಜೆಯ ಹೊತ್ತು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ ಕೂಡಿಟ್ಟ ಹಣ ಅದು. ಎಲ್ಲ ಖರ್ಚನ್ನೂ ಕಳೆದ ಮೇಲೆ ಮಿಗುವ ಮೊತ್ತವನ್ನು ಕಟ್ಟಕಡೆಯ ಸಾಲಿನಲ್ಲಿ ಕಾಣಿಸಿದ್ದಳು: ಹನ್ನೊಂದು ಯೂರೋ. ‘ಹೇಗಿದೆ ಮಾವ?’ ಎಂದು ಕೇಳಿದ್ದಳು.

ಹಾಳೆ ಬಹಳ ಚೆನ್ನಾಗಿತ್ತು. ನನಗೆ ಹೆದರಿಕೆಯಾದದ್ದೂ ಅದಕ್ಕಾಗಿಯೇ. ಸುಮಾರು ಮೂವತ್ತು ವರ್ಷಗಳ ಹಿಂದೆ, ಯೂರೋ ನಾಣ್ಯ ಬರುವ ಮೊದಲು, ಗ್ರೀಸಿನಲ್ಲಿ ಇನ್ನೂ ದ್ರಾಖ್ಮ ನಡೆಯುತ್ತಿದ್ದ ಕಾಲದಲ್ಲಿ, ಅದೇ ಸಮುದ್ರಕ್ಕಾಗಿ ಅಂಥದೇ ಒಂದು ಹಾಳೆಯನ್ನು ನಾನೂ ಬರೆದಿದ್ದೆ. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ. ಬಾನುಲಿಯ ಈ ಹದಿನೈದು ನಿಮಿಷಗಳಲ್ಲಿ ಗ್ರೀಸಿನ ಸೌಂದರ್ಯವರ್ಣನೆಗೆ ನಾನು ಕೈಹಾಕುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದು ದಿನಗಳು ಮಾತ್ರ ಸಾಕಷ್ಟಿರುವ ಒಬ್ಬ ವಿದ್ಯಾರ್ಥಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಪ್ರವಾಸವನ್ನು ಹೇಗೆ ಯೋಚಿಸಬೇಕು ಎಂಬುದಷ್ಟೇ ಇಂದಿನ ವಿಷಯ.

ಏಜಿಯನ್ ಸಮುದ್ರದ ನಡುವೆ ಚದುರಿರುವ ಸಿಕ್ಲಡೀಸ್ ದ್ವೀಪಸಮೂಹದಲ್ಲಿ ಸಣ್ಣದು ದೊಡ್ಡದು ಸೇರಿ ಇನ್ನೂರಕ್ಕೂ ಮಿಕ್ಕಿದ ನಡುಗಡ್ಡೆಗಳುಂಟು. ಜನವಸತಿಯಿರುವವು ಇಪ್ಪತ್ತನಾಲ್ಕರಷ್ಟು. ಅಪೊಲೊ ದೇವನ ಜನ್ಮಸ್ಥಳವೆಂದು ಹೆಸರಾದ ದೇಲೊಸ್ ದ್ವೀಪದ ಸುತ್ತ ಚಕ್ರಾಕಾರವಾಗಿ ನಿಂತಿವೆಯೆಂದು ಪ್ರಾಚೀನರು ಇವಕ್ಕೆ ಈ ಹೆಸರಿಟ್ಟರು. ಗ್ರೀಕರ ‘ಕಿಕ್ಲೊಸ್’ ಎಂಬ ಮಾತೂ ಸಂಸ್ಕೃತದ ‘ಚಕ್ರ’ವೂ ಒಂದೇ ಮೂಲದಿಂದ ಬಂದ ಜ್ಞಾತಿಶಬ್ದಗಳು. ಹೆಸರು ಚಕ್ರವಾದರೂ ಹಡಗುಗಳು ಚಕ್ರದಂತೆ ಸುತ್ತುವುದಿಲ್ಲ ಎಂಬುದನ್ನು ಪ್ರವಾಸಿ ಮೊದಲು ತಿಳಿಯಬೇಕು. ಅವು ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ಹೊರಟು ಬೀಸಣಿಗೆಯ ಕಡ್ಡಿಗಳಂತೆ ಬೇರೆಬೇರೆ ಸಾಲು ಹಿಡಿಯುತ್ತವೆ. ಸೀಫ್ನೊಸ್, ಮೀಲೊಸ್ ಮೊದಲಾದವುಗಳದು ಪಶ್ಚಿಮದ ಸಾಲು. ಪಾರೊಸ್, ನಾಕ್ಸೊಸ್, ಸಾಂತೊರಿನಿಗಳದು ನಡುವಿನ ಸಾಲು. ಆಂದ್ರೊಸ್, ತೀನೊಸ್, ಮಿಕೊನೊಸ್‌ಗಳಿಗೆ ಪೂರ್ವ ದಂಡೆಯ ರಫೀನಾ ಎಂಬ ಇನ್ನೊಂದು ಬಂದರಿನಿಂದ ಹಡಗುಂಟು. ನಾಕ್ಸೊಸ್ ದಾಟಿ ಪೂರ್ವಕ್ಕೆ ಹೋದರೆ ಇರಾಕ್ಲಿಯಾ, ಸ್ಖಿನೂಸಾ, ಕೂಫೊನೀಸಿ, ದೊನೂಸಾ ಎಂಬ ನಾಲ್ಕು ಪುಟ್ಟ ದ್ವೀಪಗಳೂ ಅವುಗಳಾಚೆ ಅಮೋರ್ಗೊಸ್ ಎಂಬ ಉದ್ದನೆಯ ಬೆಟ್ಟದಂಥ ದ್ವೀಪವೂ ಸಿಗುತ್ತವೆ.

ಒಂದು ಸಾಲಿನೊಳಗೆ ಓಡಾಟ ಸುಲಭ. ಸಾಲಿನಿಂದ ಸಾಲಿಗೆ ಹಾರುವುದು ಕಷ್ಟ. ನಮ್ಮ ಮಲೆನಾಡಿನಲ್ಲಿ ಗುಡ್ಡದ ಈಚೆಗೊಂದು, ಆಚೆಗೊಂದು ಊರು ಇದ್ದಾಗ ಕಾಗೆ ಹಾರುವ ದೂರ ಒಂದು ಹರದಾರಿಯಾದರೂ, ಬಸ್ಸಿನಲ್ಲಿ ಹೋಗಬೇಕಾದವನು ಪೇಟೆಗೆ ಇಳಿದು ಮತ್ತೆ ಹತ್ತಬೇಕಲ್ಲವೇ? ಇಲ್ಲಿಯೂ ಹಾಗೆಯೇ. ಸೀಫ್ನೊಸ್‌ನ ಗುಡ್ಡದ ಮೇಲಿಂದ ಪಾರೊಸ್ ಕಣ್ಣಿಗೆ ಕಾಣಬಹುದು. ಆದರೆ ಅಲ್ಲಿಗೆ ನೇರ ಹಡಗು ವಾರದ ಎಲ್ಲ ದಿನವೂ ಇದ್ದೇ ಇರುತ್ತದೆಂದು ನೆಚ್ಚುವಂತಿಲ್ಲ. ನನ್ನ ಸೊಸೆ ತನ್ನ ಹಾಳೆಯಲ್ಲಿ ಐದು ಸಲ ಸಾಲು ಬದಲಿಸಿದ್ದಳು. ದ್ವೀಪಗಳನ್ನು ಅವಳು ಚಿತ್ರ ನೋಡಿ, ಚೆಲುವಿನ ಕ್ರಮದಲ್ಲಿ ಆರಿಸಿಕೊಂಡಿದ್ದಳು. ಹಡಗಿನವರಿಗೆ ಆ ಕ್ರಮ ತಿಳಿಯದು.

ಹಣ ಸೋರಿಹೋಗುವುದೂ ಈ ಬದಲಾವಣೆಗಳಲ್ಲಿಯೇ. ಸಾಲು ಬದಲಿಸುವ ಆತುರದಲ್ಲಿ ಮನುಷ್ಯ ವೇಗದ ಹಡಗು ಹತ್ತುತ್ತಾನೆ. ಪಿರೇಯಸ್‌ನಿಂದ ನಾಕ್ಸೊಸ್‌ಗೆ ದೊಡ್ಡ ನಿಧಾನ ಹಡಗು ಐದು ಐದೂವರೆ ತಾಸು ತೆಗೆದುಕೊಂಡರೆ, ವೇಗದ್ದು ಅದಕ್ಕಿಂತ ಒಂದೆರಡು ತಾಸು ಮುಂಚೆ ತಲುಪೀತು. ಬೆಲೆ ಮಾತ್ರ ಹೆಚ್ಚುಕಡಮೆ ಒಂದೂವರೆ ಪಟ್ಟು. ಮಿಕೊನೊಸ್‌ನಿಂದ ಸಾಂತೊರಿನಿಗೆ ಬೇಸಗೆಯಲ್ಲಿ ಓಡುವವು ಬಹುಪಾಲು ವೇಗದ ಹಡಗುಗಳೇ ಆದ್ದರಿಂದ, ಅದೊಂದೇ ಹಾರಿಕೆಗೆ ತೆರುವ ಹಣದಲ್ಲಿ ವಿದ್ಯಾರ್ಥಿ ಒಂದೆರಡು ದಿನ ಉಂಡು ಮಲಗಬಹುದು. ಅದೇ ನಾಕ್ಸೊಸ್‌ನಿಂದ ಪುಟ್ಟ ದ್ವೀಪಗಳನ್ನು ಮುಟ್ಟುತ್ತ ಅಮೋರ್ಗೊಸ್‌ವರೆಗೆ ಹೋಗುವ ‘ಸ್ಕೋಪೆಲಿಟಿಸ್’ ಎಂಬ ಸಣ್ಣ ಹಡಗೊಂದುಂಟು. ಒಂದು ದ್ವೀಪದಿಂದ ಮುಂದಿನದಕ್ಕೆ ಅದರಲ್ಲಿ ಹತ್ತು ಯೂರೋ ಆಸುಪಾಸಿನಲ್ಲಿ ಕೆಲಸವಾಗುತ್ತದೆ. ಅದು ತೂಗಾಡುವ ಪರಿಯನ್ನು ಕಂಡವರು ಹೊಟ್ಟೆ ತುಂಬ ಉಂಡು ಹತ್ತುವುದಿಲ್ಲ. ಆದರೆ ಅಕ್ಕಿಮೂಟೆ, ತರಕಾರಿ, ಔಷಧ, ಶಾಲೆಯ ಮೇಷ್ಟರು ಎಲ್ಲರೂ ಅದರಲ್ಲಿಯೇ ಹೋಗುವುದರಿಂದ, ಆ ದ್ವೀಪಗಳ ಬದುಕನ್ನು ಅರಿಯಲು ಬೇರೊಂದು ಟಿಕೇಟು ಬೇಕಿಲ್ಲ.

ನಿಧಾನ ಹಡಗಿನ ಅತ್ಯಂತ ಅಗ್ಗದ ಟಿಕೇಟಿಗೆ ದೊರೆಯುವುದು ಮೇಲಿನ ಬಯಲು ಡೆಕ್ಕು. ಹಾಗೆ ನೋಡಿದರೆ ಅದೇ ಅತ್ಯುತ್ತಮ ಸ್ಥಳ. ಪಿರೇಯಸ್ ಬಿಟ್ಟು ಹಡಗು ತಿರುಗುವಾಗ ಪಶ್ಚಿಮಕ್ಕೆ ಒಂದು ಬೋಳು ದ್ವೀಪ ಕಾಣುತ್ತದೆ. ಅದು ಸಲಾಮಿಸ್. ಕ್ರಿಸ್ತಪೂರ್ವ 480ರಲ್ಲಿ ಪಾರಸಿಕರ ನೌಕಾಬಲ ಮುರಿದುಬಿದ್ದದ್ದು ಅಲ್ಲಿಯ ಇಕ್ಕಟ್ಟಿನ ನೀರಿನಲ್ಲಿ. ಈಸ್ಕಿಲಸನ ನಾಟಕವನ್ನು ಬಿ.ಎಂ.ಶ್ರೀಯವರ ‘ಪಾರಸಿಕರು’ ಮೂಲಕ ಓದಿಕೊಂಡ ಕನ್ನಡಿಗನಿಗೆ ಆ ಐದು ನಿಮಿಷಗಳ ನೋಟಕ್ಕೇ ಟಿಕೇಟಿನ ಹಣ ಸಂದುಹೋಗುತ್ತದೆ.

ಈಗ ಗಾಳಿಯ ವಿಷಯ. ಯೋಜನೆಯೆಂಬುದು ಕೆಡುವುದು ಇಲ್ಲಿಯೇ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬಲವಾದ ಒಣಗಾಳಿ ಬೀಸುತ್ತದೆ. ಇಂದಿನವರು ಅದನ್ನು ಮೆಲ್ತೆಮಿ ಎನ್ನುತ್ತಾರೆ. ಹಳಬರು ಎತೇಸಿಯೈ ಎಂದರು, ಎಂದರೆ ವರ್ಷವರ್ಷವೂ ಬರುವ ಗಾಳಿ. ಋತು ಎಂಬ ಅರ್ಥದ ಅರಬ್ಬೀ ಮಾತಿನಿಂದ ಮಾನ್ಸೂನ್ ಎಂಬ ಹೆಸರು ಹುಟ್ಟಿದಂತೆಯೇ ಇದು. ಹೋಲಿಕೆ ಹೆಸರಿಗೇ ಮುಗಿಯುವುದಿಲ್ಲ. ಬೇಸಗೆಯಲ್ಲಿ ವಾಯುವ್ಯ ಭಾರತದಿಂದ ಇರಾನ್, ಇರಾಕ್‌ಗಳ ಮೇಲೆ ಹಬ್ಬುವ ಕಡಿಮೆ ಒತ್ತಡದ ವಲಯ ತನ್ನ ಸೆರಗನ್ನು ಪಶ್ಚಿಮದಲ್ಲಿ ತುರ್ಕಿಯವರೆಗೂ ಚಾಚಿರುತ್ತದೆ. ಅತ್ತ ಬಾಲ್ಕನ್ ನಾಡುಗಳ ಮೇಲೆ ಒತ್ತಡ ಹೆಚ್ಚು. ಈ ಎರಡರ ನಡುವಣ ಇಳಿಜಾರಿನಲ್ಲಿ ಹರಿಯುವ ಗಾಳಿಯೇ ಮೆಲ್ತೆಮಿ. ಆಗುಂಬೆಯಲ್ಲಿ ಮಳೆ ಹೊಯ್ಯುವ ದಿನಗಳಲ್ಲಿಯೇ ನಾಕ್ಸೊಸ್‌ನಲ್ಲಿ ಗಾಳಿ ಬೀಸುವುದು ಬರಿಯ ಕಾಕತಾಳೀಯವಲ್ಲ. ವ್ಯತ್ಯಾಸವೊಂದೇ. ನಮ್ಮ ಗಾಳಿ ಮೋಡ ಹೊತ್ತು, ಗುಡುಗಿ, ಹೇಳಿಕೇಳಿ ಬರುತ್ತದೆ. ಆ ಗಾಳಿ ತಿಳಿಯಾದ ನೀಲಿ ಆಕಾಶದಡಿಯಲ್ಲಿ, ಯಾವ ಸೂಚನೆಯನ್ನೂ ಕೊಡದೆ ಎದ್ದುಬಿಡುತ್ತದೆ. ಈ ಗಾಳಿ ಬೀಸುವ ಕಾಲವನ್ನೇ ಕಾದು ಮಾಸಿಡೋನಿಯದ ಫಿಲಿಪ್ ದೊರೆ ದಂಡೆತ್ತುತ್ತಾನೆ, ಆಗ ನಮ್ಮ ಹಡಗುಗಳು ಉತ್ತರಕ್ಕೆ ಹೋಗಲಾರವು ಎಂದು ಡೆಮಾಸ್ತನೀಸ್ ಅಥೆನ್ಸಿನ ಸಭೆಯಲ್ಲಿ ಎಚ್ಚರಿಸಿದ್ದುಂಟು.

ಗಾಳಿಯ ಬಲ ಒಂದು ಮಟ್ಟ ಮೀರಿದರೆ ಬಂದರಿನ ಅಧಿಕಾರಿಗಳು ಹಡಗು ಹೊರಡದಂತೆ ನಿಷೇಧ ಹೊರಡಿಸುತ್ತಾರೆ. ಹಗುರಾದ ವೇಗದ ಹಡಗುಗಳಿಗೆ ಅದು ಮೊದಲು, ಭಾರದ ದೊಡ್ಡ ಹಡಗುಗಳಿಗೆ ಕೊನೆಗೆ. 2000ದ ಸೆಪ್ಟೆಂಬರ್ 26ರ ರಾತ್ರಿ ‘ಎಕ್ಸ್‌ಪ್ರೆಸ್ ಸಮೀನಾ’ ಎಂಬ ಹಡಗು ಪಾರೊಸ್ ಬಳಿ ಬಂಡೆಗೆ ಬಡಿದು ಮುಳುಗಿ 80ಕ್ಕೂ ಹೆಚ್ಚು ಮಂದಿ ಸತ್ತ ಮೇಲಂತೂ ಇಂಥ ನಿಷೇಧವನ್ನು ಯಾರೂ ಹಗುರಾಗಿ ನೋಡುವುದಿಲ್ಲ. ಹಾಗೆ ನಿಂತುಹೋದ ಹಡಗಿನ ಟಿಕೇಟಿನ ಹಣ ಹಿಂದಕ್ಕೆ ಸಿಗುತ್ತದೆ, ಇಲ್ಲವೇ ಮುಂದಿನ ಹಡಗಿಗೆ ಬದಲಿಸಿಕೊಡುತ್ತಾರೆ. ಆದರೆ ಆ ಹಡಗಿನ ಆಚೆಗೆ ನಾವು ಕಟ್ಟಿಕೊಂಡ ಸರಪಳಿ, ಅಂದರೆ ಮುಂದಿನ ದ್ವೀಪದ ಕೋಣೆ, ಅಗ್ಗದ ವಿಮಾನ, ಊರಿನ ಕೆಲಸ, ಇವಕ್ಕೆ ಯಾರೂ ಹೊಣೆಯಲ್ಲ.

ನನ್ನ ಹಾಳೆಯ ಕಥೆ ಇದೇ. ಧಾರವಾಡದ ಕಡೆಯ ಗೆಳೆಯನೊಬ್ಬನೊಡನೆ ಹನ್ನೊಂದು ದ್ವೀಪ, ಹತ್ತೊಂಬತ್ತು ದಿನ ಎಂದು ಲೆಕ್ಕ ಹಾಕಿದ್ದೆ. ಅವನಿಗೆ ಭೂಪಟ ನೋಡುವ ತಾಳ್ಮೆಯಿರಲಿಲ್ಲ. ‘ನೀ ಮಾಡಿದ್ದ ಸರಿ’ ಎಂದು ಹಣವನ್ನು ನನ್ನ ಕೈಯಲ್ಲಿಟ್ಟಿದ್ದ. ಪಾರೊಸ್‌ನಿಂದ ತೊಡಗಿ ಹಂತಹಂತವಾಗಿ ದೂರ ಸರಿಯುತ್ತ, ಎಲ್ಲಕ್ಕಿಂತ ಆಚೆಗಿನ ಅಮೋರ್ಗೊಸನ್ನು ಕೊನೆಗೆ ಇರಿಸಿದ್ದೆ. ಶಿಖರ ಕೊನೆಗೆ ಬರಬೇಕೆಂಬ ಕಾವ್ಯದ ಲೆಕ್ಕ ಅದು. ಆಗಸ್ಟ್ 17ರಂದು ಅಲ್ಲಿಂದ ಹೊರಡುವುದು, 19ರಂದು ಅಥೆನ್ಸಿನಿಂದ ವಿಮಾನ, 21ರಂದು ಗೆಳೆಯನಿಗೆ ಜರ್ಮನಿಯಲ್ಲಿ ಪರೀಕ್ಷೆ. 16ರ ರಾತ್ರಿ ಕಿಟಕಿಯ ಬಾಗಿಲು ಹೊಡೆದುಕೊಳ್ಳತೊಡಗಿತು. ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಧಕ್ಕೆಯಲ್ಲಿ ಹಡಗಿರಲಿಲ್ಲ.

ಎರಡು ದಿನ ಹಡಗು ಬರಲಿಲ್ಲ. ಮೊದಲ ದಿನ ನಾವು ಬಂಡೆಯ ಮುಖಕ್ಕೆ ಬಿಳಿಯ ಬಟ್ಟೆ ಅಂಟಿಸಿದಂತೆ ನಿಂತಿರುವ, ಹನ್ನೊಂದನೆಯ ಶತಮಾನದ ಹೊಜೊವಿಯೊತಿಸಾ ಮಠಕ್ಕೆ ಹತ್ತಿ ಹೋದೆವು. ಅಲ್ಲಿ ಬಂದವರಿಗೆಲ್ಲ ಒಂದು ತುಂಡು ಸಿಹಿಯನ್ನೂ ನೀರನ್ನೂ ಕೊಡುತ್ತಾರೆ. ಎರಡನೆಯ ದಿನ ಎಲ್ಲಿಗೂ ಹೋಗಲಿಲ್ಲ. 19ರಂದು ಸಣ್ಣ ಹಡಗು ನಮ್ಮನ್ನು ನಾಕ್ಸೊಸ್‌ಗೆ ತಂದಿತು. ಆದರೆ ಆಗಸ್ಟ್ 15 ಗ್ರೀಕರಿಗೆ ಮಾತೆ ಮರಿಯಳ ದೊಡ್ಡ ಹಬ್ಬ. ನಮ್ಮಲ್ಲಿ ಗೌರಿಹಬ್ಬಕ್ಕೆ ಊರಿಗೆ ಹೋದವರೆಲ್ಲ ಒಟ್ಟಿಗೆ ಪಟ್ಟಣಕ್ಕೆ ಮರಳುವಂತೆ ಅಲ್ಲಿಯೂ ಜನ ಮರಳುತ್ತಿದ್ದರು. ಎರಡು ದಿನದ ಜನ ಒಂದೇ ದಿನ ಸೇರಿದ್ದರಿಂದ ದೊಡ್ಡ ಹಡಗಿನಲ್ಲಿ ಜಾಗವಿರಲಿಲ್ಲ. ಗೆಳೆಯ ಪರೀಕ್ಷೆ ಬರೆಯಬೇಕಾಗಿದ್ದ ಹೊತ್ತಿಗೆ ನಾವಿಬ್ಬರೂ ಪತ್ರಾಸ್ ಬಂದರಿನಲ್ಲಿ, ಸಾಲ ಪಡೆದ ಹಣ ಹಿಡಿದು, ಇಟಲಿಯ ಹಡಗಿಗಾಗಿ ಸರದಿಯಲ್ಲಿ ನಿಂತಿದ್ದೆವು. ಆ ಪರೀಕ್ಷೆ ತಪ್ಪಿದ್ದಕ್ಕೆ ಅವನ ವಿದ್ಯಾರ್ಥಿವೇತನ ಅರ್ಧ ವರ್ಷ ನಿಂತಿತು. ಆ ಅರ್ಧ ವರ್ಷ ಅವನು ಉಪಾಹಾರಗೃಹವೊಂದರಲ್ಲಿ ರಾತ್ರಿ ತಟ್ಟೆ ತೊಳೆದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತೆಂದು ಈಗಲೂ ಅನಿಸುವುದುಂಟು.

ಆದ್ದರಿಂದ ಸೊಸೆಗೆ ನಾನು ಮೊದಲು ಹೇಳಿದ್ದು ಪ್ರಯಾಣದ ದಿಕ್ಕನ್ನು ತಿರುಗಿಸು ಎಂದು. ಎಲ್ಲಕ್ಕಿಂತ ದೂರದ ದ್ವೀಪಕ್ಕೆ ಮೊದಲ ದಿನವೇ ದೊಡ್ಡ ಹಡಗಿನಲ್ಲಿ ನೇರವಾಗಿ ಹೋಗಿಬಿಡುವುದು, ಅಲ್ಲಿಂದ ಸಣ್ಣ ಹೆಜ್ಜೆಗಳಲ್ಲಿ ಪಿರೇಯಸ್ ಕಡೆಗೆ ಹಿಂದೆ ಸರಿಯುವುದು. ಹೀಗೆ ಮಾಡಿದರೆ ಕೈಯಲ್ಲಿ ದಿನಗಳು ಕಡಿಮೆಯಾದಂತೆ ಮನೆಯ ದಾರಿಯೂ ಕಡಿಮೆಯಾಗುತ್ತ ಬರುತ್ತದೆ. ಕೊನೆಯ ತಂಗುದಾಣ ಸೀರೊಸ್‌ನಂಥದಾಗಿರಬೇಕು. ಅದು ಸಿಕ್ಲಡೀಸ್‌ನ ಆಡಳಿತ ಕೇಂದ್ರ, ಪಿರೇಯಸ್‌ಗೆ ನಾಲ್ಕು ತಾಸಿನೊಳಗಿನ ದಾರಿ, ಚಳಿಗಾಲದಲ್ಲಿಯೂ ಹಡಗು ತಪ್ಪದ ಊರು. ಹಣದ ದೃಷ್ಟಿಯಿಂದಲೂ ಇದೇ ಲೇಸು. ಪಿರೇಯಸ್‌ನಿಂದ ಅಮೋರ್ಗೊಸ್‌ಗೆ ಒಂದೇ ಟಿಕೇಟು ಕೊಳ್ಳುವುದು, ಅದೇ ದಾರಿಯನ್ನು ಮೂರು ತುಂಡು ಮಾಡಿ ಕೊಳ್ಳುವುದಕ್ಕಿಂತ ಅಗ್ಗ. ನೇರ ಹಡಗು ಕೆಲವು ದಿನ ನಡುರಾತ್ರಿ ಕಳೆದ ಮೇಲೆ ತಲುಪುತ್ತದೆ. ಕೋಣೆಯವರಿಗೆ ಮೊದಲೇ ತಿಳಿಸಿದ್ದರೆ ಧಕ್ಕೆಗೆ ಬಂದು ಕರೆದೊಯ್ಯುವವರು ಈಗಲೂ ಇದ್ದಾರೆ.

ಎರಡನೆಯದು, ತಿಂಗಳು. ಜರ್ಮನಿಯ ಚಳಿಗಾಲದ ಪಾಠಗಳು ಆರಂಭವಾಗುವುದು ಅಕ್ಟೋಬರಿನಲ್ಲಿ. ಹಾಗಿರುವಾಗ ಆಗಸ್ಟ್‌ನಲ್ಲೇಕೆ ಹೋಗಬೇಕು? ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಿರುತ್ತದೆ, ಗಾಳಿಯ ಹುರುಪು ಇಳಿದಿರುತ್ತದೆ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ. ಒಂದೇ ಕಡೆ ನಾಲ್ಕು ರಾತ್ರಿ ಇರುತ್ತೇವೆಂದರೆ ಇನ್ನಷ್ಟು ಇಳಿಸುತ್ತಾರೆ. ಡೇರೆ ಹೊತ್ತೊಯ್ಯುವೆನೆಂದಳು. ನಾಕ್ಸೊಸ್, ಪಾರೊಸ್, ಅಮೋರ್ಗೊಸ್‌ಗಳಲ್ಲಿ ಅದಕ್ಕೆಂದೇ ಮೈದಾನಗಳುಂಟು. ಕಂಡಕಂಡ ಮರಳದಂಡೆಯಲ್ಲಿ ಡೇರೆ ಹಾಕುವುದಕ್ಕೆ ಗ್ರೀಸಿನಲ್ಲಿ ಕಾನೂನಿನ ಒಪ್ಪಿಗೆಯಿಲ್ಲ.

ಊಟದ ಬಗ್ಗೆ ತಂಗಿಗಿದ್ದ ಚಿಂತೆ ಮಗಳಿಗಿರಲಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಅನೇಕ ದಿನ ಮಾಂಸ, ಹಾಲು ಬಿಟ್ಟು ವ್ರತವಿರುವುದರಿಂದ ಅವರ ಅಡುಗೆಯಲ್ಲಿ ನಮಗೆ ಒಗ್ಗುವ ಪದಾರ್ಥಗಳು ಬೇಕಾದಷ್ಟಿವೆ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಎಣ್ಣೆ, ಈರುಳ್ಳಿ, ನಿಂಬೆಹಣ್ಣಿನೊಡನೆ ಬಡಿಸುವ ‘ಫಾವಾ’ ನಮ್ಮ ತೊವ್ವೆಯ ದೂರದ ನೆಂಟನೇ ಸರಿ. ಅಂಗಡಿಯ ಬ್ರೆಡ್ಡು, ಟೊಮೇಟೊ, ಗಿಣ್ಣು, ಆಲಿವ್ ಹಿಡಿದು ಮಧ್ಯಾಹ್ನ ಕಳೆದರೆ ಸಂಜೆ ಒಂದು ಬಿಸಿಯೂಟ ಮಾಡಬಹುದು. ಹಲವು ಸಣ್ಣ ದ್ವೀಪಗಳಲ್ಲಿ ನಲ್ಲಿಯ ನೀರು ಕುಡಿಯಲು ಬಾರದು, ಕೊಳ್ಳಬೇಕು. ಆ ವೆಚ್ಚವನ್ನು ಅವಳ ಹಾಳೆ ಮರೆತಿತ್ತು.

ಹದಿನಾಲ್ಕು ದ್ವೀಪಗಳು ಆರಕ್ಕೆ ಇಳಿದವು. ಮಿಕೊನೊಸನ್ನೂ ಸಾಂತೊರಿನಿಯನ್ನೂ ಅವಳು ಸುಲಭವಾಗಿ ಬಿಟ್ಟಳು, ಎರಡೂ ಸಿರಿವಂತರ ಊರು. ಸೀಫ್ನೊಸ್ ಬಿಡುವಾಗ ಮಾತ್ರ ಜಗಳವಾಡಿದಳು. ಅಲ್ಲಿ ಶನಿವಾರ ರಾತ್ರಿ ಮಣ್ಣಿನ ಗಡಿಗೆಯಲ್ಲಿ ಕಡಲೆಕಾಳನ್ನು ಸೌದೆಯ ಒಲೆಯೊಳಗಿಟ್ಟು ಭಾನುವಾರ ಉಣ್ಣುತ್ತಾರೆಂದು ಎಲ್ಲೋ ಓದಿದ್ದಳು. ಅದಕ್ಕಾಗಿ ಬೇರೆ ಸಾಲು ಹಿಡಿಯಬೇಕು, ಇನ್ನೊಂದು ವರ್ಷ ಹೋಗು ಎಂದೆ. ಹೀಗೆ ಉಳಿದ ಹಣದಲ್ಲಿ ಒಂದು ಪಾಲನ್ನು ಬೇರೆ ಲಕೋಟೆಯಲ್ಲಿ ಹಾಕಿಸಿ, ಹಾಳೆಯ ಕೊನೆಯಲ್ಲಿ ಮೂರು ದಿನಗಳನ್ನು ಖಾಲಿ ಬಿಡಿಸಿದೆ. ಅವುಗಳ ಎದುರಿಗೆ ‘ಗಾಳಿಗೆ’ ಎಂದು ಬರೆದಳು.

ಸೆಪ್ಟೆಂಬರಿನಲ್ಲಿ ಹೋಗಿಬಂದಳು. ಕೂಫೊನೀಸಿಯಲ್ಲಿ ಒಂದು ದಿನ ಹಡಗು ನಿಂತಿತಂತೆ. ಉಳಿದೆರಡು ದಿನ ಸೀರೊಸ್‌ನಲ್ಲಿ ಕಳೆದಳು. ರಾತ್ರಿಯ ಡೆಕ್ಕಿನ ಮೇಲೆ ಇಷ್ಟು ಚಳಿಯಿರುತ್ತದೆಂದು ನೀವು ಹೇಳಲಿಲ್ಲ ಮಾವ ಎಂದು ಆಕ್ಷೇಪಿಸಿದಳು. ನಿಜ, ಸ್ವೆಟರಿನ ಮಾತು ನನಗೆ ಮರೆತುಹೋಗಿತ್ತು.

ಇದನ್ನೆಲ್ಲ ಆ ಧಾರವಾಡದ ಗೆಳೆಯನಿಗೆ ಒಂದು ಸಂಜೆ ದೂರವಾಣಿಯಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅಮೋರ್ಗೊಸ್ ಕಡೀಕ ಇಟ್ಟಿಲ್ಲ ಹೌದಲ್ಲೋ?’ ಎಂದ. ಇಲ್ಲ, ಮೊದಲಿಗೇ ಇರಿಸಿದೆ ಎಂದೆ.